ಹೂಂ ಅಂದರೆ ಹತ್ತುವ ಬಂಡಿ

ನಮ್ಮೂರಿನ ಪಾರ್ಕಿನ ಏರುಬಂಡಿ, ಅಂದರೆ ರೋಲರ್ ಕೋಸ್ಟರ್, ಹೂಂಗುಟ್ಟಿದರೆ ಮಾತ್ರ ಹತ್ತುತ್ತದೆ. ಹತ್ತುವ ಹಳಿಯ ನಡುವೆ ಉದ್ದಕ್ಕೂ ಕಬ್ಬಿಣದ ಹಲ್ಲುಗಳಿವೆ. ಕತೆಗಾರ್ತಿ ಕತೆ ಹೇಳುತ್ತಾಳೆ, ಕೂತವರು ಹೂಂ ಅನ್ನುತ್ತಾರೆ, ಬಂಡಿ ಕಟಕ್ಕೆಂದು ಒಂದು ಹಲ್ಲು ಮೇಲೇರುತ್ತದೆ. ಮತ್ತೊಂದು ಮಾತು, ಮತ್ತೊಂದು ಹೂಂ, ಮತ್ತೊಂದು ಹಲ್ಲು. ಯಾರಾದರೂ ಊಹೂಂ ಅಂದರೋ, ಒಂದು ಹಲ್ಲು ಹಿಂದಕ್ಕೆ ಜಾರುತ್ತದೆ. ನೆತ್ತಿ ಮುಟ್ಟಿದ ಕೂಡಲೇ ಕತೆ ಎಲ್ಲಿತ್ತೋ ಅಲ್ಲೇ ತುಂಡಾಗಿ ಬಂಡಿ ಕೆಳಕ್ಕೆ ಧುಮುಕುತ್ತದೆ. ಆಮೇಲೆ ಉಬ್ಬು, ಸುರುಳಿ, ಕತ್ತಲೆ ಗವಿ. ಕೊನೆಯ ತಿರುವಿನಲ್ಲಿ ಕತೆಗಾರ್ತಿ ಉಳಿದ ಕತೆ ಹೇಳಿ ಮುಗಿಸಬೇಕು. ಕೂತವರೆಲ್ಲ ಮನಸಾರೆ ಹೂಂ ಅನ್ನಬೇಕು. ಆಗ ಅವಳು 'ಅವರಲ್ಲಿ, ನಾವಿಲ್ಲಿ' ಎಂದರೆ ಬಂಡಿ ಹಟ್ಟಿಗೆ ಬಂದ ಹಸುವಿನ ಹಾಗೆ, ಜನ ಹತ್ತಿಳಿಯುವ ಕಟ್ಟೆಯ ಪಕ್ಕ ಬಂದು ನಿಲ್ಲುತ್ತದೆ.

ಕತೆ ಮುಗಿಯದಿದ್ದರೆ ನಿಲ್ಲುವುದಿಲ್ಲ. ಅರ್ಧ ಕತೆಯ ಬಂಡಿಗೆ ಯಾರ ಹೂಂ ಕೂಡ ಬೇಡ, ಅದು ತಾನಾಗಿಯೇ ಮತ್ತೆ ಹತ್ತಿ ಮತ್ತೆ ಬೀಳುತ್ತದೆ. ಹಿಂದೆ ಯಾವ ಕಾಲದಲ್ಲೋ ಒಬ್ಬ ಕತೆಗಾರ್ತಿ ನಡುವೆ ಸೀನಿ ಕತೆಯನ್ನೇ ಮರೆತಳಂತೆ. ಬಂಡಿ ಬೆಳಗಿನಿಂದ ಸಂಜೆಯವರೆಗೂ ಸುತ್ತಿತಂತೆ. ಕೂತಿದ್ದವರ ಮನೆಯವರು ಗಳದ ತುದಿಗೆ ಬುತ್ತಿ ಕಟ್ಟಿ, ಬಂಡಿ ಕಟ್ಟೆ ದಾಟುವಾಗ ಕೈಗೆ ಮುಟ್ಟಿಸಿದರಂತೆ. ಆ ಗಳ ಈಗಲೂ ಕಟ್ಟೆಯ ಗೋಡೆಯಲ್ಲಿ ತೂಗುತ್ತದೆ. ಬುತ್ತಿಗಳ ಎಂದೇ ಅದರ ಹೆಸರು. ನಾನು ಕಂಡಂತೆ ಅದನ್ನು ಜೇಡ ಬಿಟ್ಟು ಬೇರೆ ಯಾರೂ ಬಳಸಿರಲಿಲ್ಲ.

ಹೀಗಿರುವುದರಿಂದ ನಮ್ಮೂರಲ್ಲಿ ಹೂಂ ಎಂಬುದು ಅಗ್ಗದ ಸರಕಲ್ಲ. ಬೇರೆ ಊರುಗಳಲ್ಲಿ ಗಂಡಂದಿರು ಪೇಪರಿನ ಹಿಂದಿನಿಂದಲೇ ಹೂಂ ಅಂದು ಸಂಸಾರ ಸಾಗಿಸುತ್ತಾರಂತೆ. ಇಲ್ಲಿ ಆ ಆಟ ನಡೆಯುವುದಿಲ್ಲ. ಕೇಳದೆ ಅಂದ ಹೂಂ ಪೊಳ್ಳು ಹೂಂ, ಅದಕ್ಕೆ ಬಂಡಿ ಅಲುಗುವುದಿಲ್ಲ. ಕ್ಷೌರದಂಗಡಿಯ ದಾಸಣ್ಣನನ್ನು ಅವನ ಹೆಂಡತಿ ಗಿರಿಜಕ್ಕ ಪ್ರತಿ ಭಾನುವಾರ ಎಳೆದುಕೊಂಡು ಬರುವುದು ಅದಕ್ಕೇ. "ಬನ್ನಿ, ನಿಮ್ಮ ಹೂಂ ತೂಗಿಸಿಕೊಂಡು ಬರಾಣ" ಎನ್ನುತ್ತಾಳೆ. ಪಾಪ, ದಾಸಣ್ಣನ ತಪ್ಪೇನಿಲ್ಲ. ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಅವರವರ ಸೊಸೆ, ಬೆನ್ನುನೋವು, ಕೋರ್ಟು ಕೇಸು ಎಲ್ಲವನ್ನೂ ಅವನ ಕಿವಿಗೆ ಸುರಿದು ಹೋಗುತ್ತಾರೆ. ಕತ್ತರಿ ಆಡಿಸುತ್ತ ಹೂಂ ಹೂಂ ಅಂದು ಅವನ ಹೂಂ ಸವೆದ ಚಪ್ಪಲಿಯಂತಾಗಿದೆ. ಅವನಿದ್ದ ಬಂಡಿ ಹತ್ತುವಾಗ ಯಾವಾಗಲೂ ಒಂದೆರಡು ಕಡೆ ನಿಲ್ಲುತ್ತದೆ. ಎಲ್ಲರೂ ಹಿಂದೆ ತಿರುಗಿ ಅವನನ್ನೇ ನೋಡುತ್ತಾರೆ.

ನನಗೆ ಬಂಡಿಯ ಹುಚ್ಚು. ಮುಚ್ಚಿಡುವುದೇನು, ಊರಿಗೇ ಗೊತ್ತು. ಮುಂದಿನ ಸೀಟಿನಲ್ಲಿ ಕೂತರೆ ನೋಟ ಚೆಂದ, ಆದರೆ ನಿಜವಾದ ಝಲ್ ಬೇಕಾದರೆ ಕಟ್ಟಕಡೆಯ ಸೀಟೇ ಬೇಕು. ಮುಂದಿನ ಡಬ್ಬಿಗಳು ಆಗಲೇ ಬೀಳುತ್ತಿರುತ್ತವೆ, ಹಿಂದಿನದು ಇನ್ನೂ ನೆತ್ತಿಯ ಮೇಲೆ ಇರುತ್ತದೆ. ತಟ್ಟನೆ ಎಳೆದಾಗ ಹೊಟ್ಟೆಯೊಂದು ಮೇಲೆಯೇ ಉಳಿದು ನಾವು ಮಾತ್ರ ಕೆಳಗೆ ಹೋಗುತ್ತೇವೆ. ಬೆಳಗಿನ ಬಂಡಿ ಕಾಫಿ ಕುಡಿಯದೆ ಎದ್ದ ಯಜಮಾನನಂತೆ ಬಿಗಿ. ಗ್ರೀಸು ಇನ್ನೂ ಗಟ್ಟಿಯಿರುತ್ತದೆ, ತಿರುವುಗಳಲ್ಲಿ ಸಿಡುಕುತ್ತದೆ. ಬಿಸಿಲೇರಿ ಹಳಿ ಕಾದ ಮೇಲೆ ಅದೇ ಬಂಡಿ ಬಿಸಿ ಅನ್ನದ ಮೇಲಿನ ತುಪ್ಪ. ತುಂತುರು ಬಿದ್ದು ನಿಂತ ಹೊತ್ತಿನಲ್ಲಿ ಅದರ ಓಟಕ್ಕೆ ಸಾಟಿಯಿಲ್ಲ, ಆದರೆ ಕಣ್ಣಿಗೆ ಗಾಳಿ ಸೂಜಿಯಂತೆ ಚುಚ್ಚುತ್ತದೆ. ಗವಿಯ ಒಳಗಿನ ತಿರುವಿನಲ್ಲಿ ಎಡಗಡೆಯ ಚಕ್ರವೊಂದು ಟಿಕ್ ಟಿಕ್ ಅನ್ನುತ್ತಿದ್ದರೆ ನಾನು ಇಳಿದವಳೇ ಖಾದರ್ ಮಾಮನಿಗೆ ಹೇಳುತ್ತೇನೆ. ಕಟ್ಟೆಯ ಮೇಲೆ ನಿಂತು ಎಲ್ಲರ ಮಡಿಲಿಗೂ ಕಂಬಿ ಬಿಗಿಯುವವರು, ಹಳಿಗೆ ಎಣ್ಣೆ ಬಿಡುವವರು ಅವರೇ. "ನೀನು ಹುಟ್ಟೋವಾಗ ನಿನ್ನ ಕಿವೀಲಿ ಯಾರೋ ಎಣ್ಣೆ ಬಿಟ್ಟಿದಾರೆ ಕಣಮ್ಮ, ಗ್ರೀಸ್ ಎಣ್ಣೆ" ಎಂದು ನಗುತ್ತಾರೆ.

ಬಸ್ಸು ಹತ್ತಿ ಬೇರೆ ಊರುಗಳ ಪಾರ್ಕುಗಳನ್ನೂ ನೋಡಿ ಬಂದಿದ್ದೇನೆ. ಅಲ್ಲೆಲ್ಲ ಬಂಡಿಯನ್ನು ಮೋಟರು ಎಳೆಯುತ್ತದೆ. ಒಂದು ಕಡೆ ದನದ ದೊಡ್ಡಿಯಂತೆ ಕಂಬಿ ಹಾಕಿದ ಸಾಲಿನಲ್ಲಿ ಮಧ್ಯಾಹ್ನವೆಲ್ಲ ನಿಲ್ಲಿಸಿ, ಹತ್ತಿರ ಬಂದಾಗ 'ದುರಸ್ತಿಯಲ್ಲಿದೆ' ಎಂಬ ಹಲಗೆ ತೂಗುಹಾಕಿದರು. ಬಾಲ ಮುರಿದ ಸಿಮೆಂಟಿನ ಡೈನೋಸಾರನ್ನು ನೋಡಿಕೊಂಡು ವಾಪಸು ಬಂದೆ. ಇನ್ನೊಂದು ಕಡೆ ಹೆಗಲ ಮೇಲೆ ಇಳಿಸುವ ಕಂಬಿ ಎಂಥದ್ದೆಂದರೆ, ಪ್ರತಿ ತಿರುವಿಗೂ ಎಡಗಿವಿಗೊಂದು ಬಲಗಿವಿಗೊಂದು ಬಾರಿಸಿ, ನಾನು ಶಾಲೆಯಲ್ಲಿ ತಪ್ಪಿಸಿಕೊಂಡಿದ್ದ ಏಟುಗಳನ್ನೆಲ್ಲ ಬಡ್ಡಿ ಸಮೇತ ಕೊಟ್ಟಿತು. ಮೂರನೆಯದು ಹೊಚ್ಚ ಹೊಸದು, ಇಸ್ತ್ರಿ ಮಾಡಿದಷ್ಟು ನಯ. ಇಳಿದ ಮೇಲೆ ಹತ್ತಿದ್ದೇ ನೆನಪಿರಲಿಲ್ಲ. ಆ ಬಂಡಿ ಏರುವಾಗ ಅಭ್ಯಾಸಬಲದಿಂದ ನಾನು ಹೂಂ ಹೂಂ ಅನ್ನುತ್ತಿದ್ದೆ. ಪಕ್ಕದವರು "ಏನ್ರೀ, ಹೊಟ್ಟೆ ನೋವಾ?" ಎಂದು ಕೇಳಿ ಆ ಕಡೆ ಸರಿದು ಕೂತರು. ಏನು ಹೇಳಲಿ? ಕತೆಯಿಲ್ಲದೆ ಅಷ್ಟೆತ್ತರ ಹೋಗುವುದು ನನಗೆ ಉಪ್ಪಿಲ್ಲದ ಊಟ.

ನಮ್ಮೂರ ಕತೆಗಾರ್ತಿ ನನ್ನ ಅಜ್ಜಿ, ಹೊನ್ನಜ್ಜಿ. ಕತೆಗಾರ್ತಿಯ ಸೀಟು ಬಂಡಿಯ ತೀರಾ ಮುಂದಿರುತ್ತದೆ, ಆದರೆ ಮುಖ ಹಿಂದಕ್ಕೆ. ಜನರ ಎದುರಿಗೆ ಕೂತು, ಕೆನ್ನೆಯೊಳಗೊಂದು ಕಲ್ಲುಸಕ್ಕರೆ ಇಟ್ಟುಕೊಂಡು, ಒಬ್ಬೊಬ್ಬರ ಕಣ್ಣನ್ನೂ ನೋಡುತ್ತ ಅವಳು ಕತೆ ಎಳೆಯುತ್ತಿದ್ದಳು. ಎಲ್ಲರೂ ಎದೆಯೊಡ್ಡಿ ಬೀಳುವಲ್ಲಿ ಅವಳೊಬ್ಬಳು ಬೆನ್ನೊಡ್ಡಿ ಬೀಳುತ್ತಿದ್ದಳು. ನಾನು ಹುಟ್ಟುವ ಮೊದಲಿನಿಂದಲೂ ಅದೇ ಸೀಟು.

ನಾನು ಬೆಳೆದದ್ದು ಅವಳ ಕೈಯಲ್ಲೇ. ನನ್ನ ಪೂರ್ತಿ ಹೆಸರು ಮಂದಾಕಿನಿ. ಊರೆಲ್ಲ ಮಂದಾ ಅನ್ನುತ್ತದೆ, ಕೆಲಸ ಕೆಟ್ಟಾಗ ಅಜ್ಜಿ ಅದೇ ಹೆಸರನ್ನು ಬೈಗುಳವಾಗಿಯೂ ಬಳಸುತ್ತಾಳೆ. ಮಲಗುವಾಗ ದಿನಾ ಒಂದು ಕತೆ, ಬಂಡಿಯಲ್ಲಿ ಹೇಳದ, ನನಗೊಬ್ಬಳಿಗೇ ಎತ್ತಿಟ್ಟ ಕತೆ. ನಾನು ಹೂಂ ಅನ್ನುತ್ತ ಅನ್ನುತ್ತ ನಡುವೆ ಎಲ್ಲೋ ನಿದ್ದೆಹೋಗುತ್ತಿದ್ದೆ. ಬಂಡಿಯಲ್ಲಾದರೋ, ಧುಮುಕಿದ ಮೇಲೆ ನನ್ನ ಕಿವಿಯೆಲ್ಲ ಚಕ್ರಗಳ ಮೇಲೆ. ಕೊನೆಯ ತಿರುವಿನಲ್ಲಿ ಅಜ್ಜಿ ಏನು ಹೇಳಿ ಮುಗಿಸಿದಳೋ ಒಂದು ದಿನವೂ ಕೇಳಿಸಿಕೊಂಡವಳಲ್ಲ. ಹೀಗಾಗಿ ನನ್ನ ಬಳಿ ಕತೆಗಳ ಶುರು ಮೂಟೆಗಟ್ಟಲೆ ಇದೆ, ಕೊನೆ ಒಂದೂ ಇಲ್ಲ. "ನಿನ್ನ ಕತೆಯೆಲ್ಲ ಬಾಲ ಬಿದ್ದ ಹಲ್ಲಿ ಕಣೇ. ಓಡ್ತವೆ, ಆದರೆ ನೋಡೋಕಾಗಲ್ಲ" ಎನ್ನುತ್ತಿದ್ದಳು ಅಜ್ಜಿ.

ಈ ಬೇಸಿಗೆಯ ರಜೆಯಲ್ಲಿ ಜನ ಎಂದಿಗಿಂತ ಹೆಚ್ಚು ಬಂದರು. ಅಜ್ಜಿ ಬೆಳಗಿನಿಂದ ಸಂಜೆಯವರೆಗೆ ಕತೆ ಹೇಳಿದಳು, ನಡುನಡುವೆ ಐಸು ಹಾಕಿದ ಪಾನಕ ಕುಡಿದಳು. ಒಂದು ದಿನ ಎದ್ದಾಗ ಗಂಟಲಿನಿಂದ ಗಾಳಿ ಮಾತ್ರ ಬಂತು. ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಮಾತು ಪೂರ್ತಿ ಬಂದ್, ಮಳೆಗಾಲ ಕಳೆದ ಮೇಲೆ ನೋಡೋಣ, ವಯಸ್ಸಾಗಿದೆ, ಭರವಸೆ ಕೊಡಲಾರೆ ಎಂದರು. ಅಜ್ಜಿ ಡಾಕ್ಟರ ಕೈಯಿಂದ ಬ್ಯಾಟರಿ ಕಿತ್ತುಕೊಂಡು ಅವರ ಬಾಯಿಗೇ ಬಿಟ್ಟು ನೋಡಿದಳು. ಸಿಟ್ಟು ಬಂದಾಗ ಅವಳು ಹಾಗೆಯೇ.

ಪಾರ್ಕಿನ ಉಸ್ತುವಾರಿ ಗೂಳಪ್ಪನವರದು. ಒಳ್ಳೆಯವರು, ಆದರೆ ಗಾಬರಿಯ ಜೀವ. ಮನೆಯಲ್ಲಿ ಗಡಿಯಾರ ಬಡಿದರೂ ಎದ್ದು ನಿಲ್ಲುವಂಥವರು. "ಬಂಡಿಗೆ ಬೀಗ ಹಾಕಿ ಮನಿಪ್ಲಾಂಟ್ ಹಬ್ಬಿಸಿಬಿಡಾಣ. ಜನ ನಿಂತು ಫೋಟೋ ತೆಗೆಸಿಕೊಳ್ತಾರೆ" ಎಂದರು. ಒಂದು ಮಳೆಗಾಲವಿಡೀ ಹೂಂ ಕೇಳದ ಬಂಡಿ ಮತ್ತೆ ಹತ್ತುವುದಿಲ್ಲ. ಹೊಳೆಯಾಚೆ ಅಂಥದ್ದೊಂದು ನಿಂತಿದೆ. ಕಾಗೆಗಳು ಕೂತು ಕಾ ಕಾ ಅನ್ನುತ್ತವೆ, ಹೂಂ ಅನ್ನಲು ಅವಕ್ಕೆ ಬರುವುದಿಲ್ಲ.

"ನಾನು ಹೇಳ್ತೀನಿ ಕತೆ" ಎಂದೆ.

ಗೂಳಪ್ಪನವರು ಅಜ್ಜಿಯ ಮುಖ ನೋಡಿದರು. ಅಜ್ಜಿ ಕೊರಳು ಬೀಳುವ ಹಾಗೆ ತಲೆಯಾಡಿಸಿದಳು. ಊಹೂಂ. ಬಾಯಿ ಇಲ್ಲದಿದ್ದರೂ ಆ ಊಹೂಂಗೆ ಪಾರ್ಕಿನ ಜಯಂಟ್ ವ್ಹೀಲು ಕೂಡ ಹಿಂದಕ್ಕೆ ಜಾರಬೇಕಿತ್ತು.

"ಒಂದೇ ಒಂದು ಭಾನುವಾರ ಕೊಡಿ ಸಾರ್" ಎಂದೆ. "ನಿಲ್ಲಿಸೋಕೆ ಆಗಲಿಲ್ಲ ಅಂದರೆ ನಾನೇ ಬೀಗ ತಂದುಕೊಡ್ತೀನಿ."

"ಹತ್ತೋದು ಬಿಡಮ್ಮ, ನಿಲ್ಲೋದು ಮುಖ್ಯ" ಎಂದು ಗೂಳಪ್ಪನವರು ಬೆವರು ಒರೆಸಿಕೊಂಡು ಒಪ್ಪಿದರು.

ಭಾನುವಾರ ಬಿಸಿಲೇರಿ ಹಳಿ ಹದವಾಗಿ ಕಾದಿತ್ತು. ಪರೀಕ್ಷೆಯ ಸುತ್ತಿಗೆ ಧೈರ್ಯ ಮಾಡಿ ಕೂತವರು ಮೂವರೇ. ಗಿರಿಜಕ್ಕ, ಅವಳು ಎಳೆದು ತಂದ ದಾಸಣ್ಣ, ಮತ್ತೆ ಪಾರ್ಕಿನ ಗೋಡೆಯ ಹಿಂದಿನ ಮನೆಯ ರೇಣುಕತ್ತೆ. ಅತ್ತೆ ಎಂದರೆ ನಂಟೇನಿಲ್ಲ, ಬೀದಿಗೆಲ್ಲ ಅತ್ತೆ. ಸೆರಗು ಸಿಕ್ಕಿಸಿಕೊಳ್ಳುತ್ತ ಬಂದು ಕೂತವಳೇ, "ಬೇಗ ಮುಗಿಸೇ ಮಂದಾ, ಕುಕ್ಕರಲ್ಲಿ ಹುರುಳಿಕಾಳು ಇಟ್ಟು ಬಂದಿದೀನಿ. ಅದು ಕೂಗೋ ಅಷ್ಟರಲ್ಲಿ ನಾನು ಮನೇಲಿರಬೇಕು" ಎಂದಳು.

ಖಾದರ್ ಮಾಮ ಮೂವರ ಕಂಬಿಯನ್ನೂ ಬಿಗಿದು ನನ್ನದನ್ನು ಎರಡು ಸಲ ಎಳೆದು ನೋಡಿದರು. ಅಜ್ಜಿ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ನಿಂತಿದ್ದಳು. ಕೊನೇ ಗಳಿಗೆಯಲ್ಲಿ ಹತ್ತಿರ ಬಂದು, ಕೆನ್ನೆಯೊಳಗಿನ ಕಲ್ಲುಸಕ್ಕರೆಯನ್ನು ಕಟಕ್ಕನೆ ಕಡಿದು, ಅರ್ಧ ನನ್ನ ಬಾಯಿಗೆ ತುರುಕಿದಳು. ಬೇಡ ಅನ್ನಲು ನಾನು ಬಾಯಿ ತೆರೆದದ್ದು ಅವಳಿಗೆ ಅನುಕೂಲವೇ ಆಯಿತು.

ಬಂಡಿಯಲ್ಲಿ ಅಜ್ಜಿ ಹೇಳುತ್ತಿದ್ದ ಕತೆಗಳು ಊರಿಗೆಲ್ಲ ಬಾಯಿಪಾಠ. ಅವನ್ನೇ ದಿನಾ ಹೊಸದಾಗಿಸಿ ಹೇಳುವ ಕೈಚಳಕ ಅಜ್ಜಿಗಿತ್ತು, ನನಗಿಲ್ಲ. ಗೊತ್ತಿರುವ ಕತೆಗೆ ಹೂಂ ಮಾತಿಗಿಂತ ಮುಂಚೆ ಬಂದು ಬಿಡುತ್ತದೆ, ಬಂಡಿ ಮುಗ್ಗರಿಸುತ್ತದೆ. ಅದಕ್ಕೇ ನಾನು ಮನೆಯ ಕತೆಯೊಂದನ್ನು ಆರಿಸಿಕೊಂಡಿದ್ದೆ. "ಒಂದೂರಲ್ಲಿ ಒಬ್ಬ ಹುಡುಗಿ. ಬೇರೆಯವರು ಆಡು ಕಾಯೋ ಹಾಗೆ ಅವಳು ಮೋಡ ಕಾಯ್ತಿದ್ದಳು."

"ಹೂಂ" ಎಂದರು ಮೂವರೂ. ಕಟಕ್.

ಆ ಸದ್ದು ನನ್ನ ಬೆನ್ನುಹುರಿಯ ಮೇಲೇ ಹತ್ತಿದ ಹಾಗಾಯಿತು. ಬೆಳಿಗ್ಗೆ ಅವಳು ಮೋಡಗಳನ್ನು ಬಯಲಿಗೆ ಬಿಡುತ್ತಿದ್ದಳು, ಸಂಜೆ ಎಣಿಸಿ ಕೊಟ್ಟಿಗೆಗೆ ಹೊಡೆಯುತ್ತಿದ್ದಳು. ಹೂಂ, ಕಟಕ್. ಬಿಳಿಯವು ಸಾಧು, ಕಪ್ಪಿನವು ಹಾಯುತ್ತಿದ್ದವು. ಹೂಂ, ಕಟಕ್. "ಅದರಲ್ಲೊಂದು ಚೋಟುದ್ದದ ಮರಿಮೋಡ. ದಿನಾ ಸಂಜೆ ತಪ್ಪಿಸಿಕೊಂಡು ಬೆಟ್ಟದ ಕಡೆಗೇ ಓಡಿಹೋಗ್ತಿತ್ತು." ಇಲ್ಲಿ ಬಂಡಿ ನಿಂತಿತು. ಗಿರಿಜಕ್ಕ ಗಂಡನ ಕಡೆ ತಿರುಗಿದಳು.

"ಎಲ್ಲಿದೆ ನಿಮ್ಮ ಗ್ಯಾನ?"

"ಕೇಳ್ತಾನೇ ಇದೀನಿ ಮಾರಾಯ್ತಿ. ಮೋಡಕ್ಕೆ ಹಗ್ಗ ಹೆಂಗೆ ಕಟ್ತಾರೆ ಅಂತ ಯೋಚಿಸ್ತಿದ್ದೆ."

"ಹಗ್ಗ ಇಲ್ಲ ದಾಸಣ್ಣ, ಸಿಳ್ಳೆ. ಸಿಳ್ಳೆ ಹಾಕಿದರೆ ಬರ್ತಿದ್ದವು" ಎಂದೆ.

"ಹಂಗೆ ಹೇಳು. ಹೂಂ" ಎಂದ. ಕಟಕ್.

ಒಂದು ಸಂಜೆ ಮರಿಮೋಡದ ಹಿಂದೆಯೇ ಹುಡುಗಿಯೂ ಬೆಟ್ಟ ಹತ್ತಿದಳು. ನಾವೂ ಹತ್ತಿದೆವು. ಮುಳ್ಳು ದಾಟಿ, ಬಂಡೆ ದಾಟಿ, ಗಾಳಿ ತಣ್ಣಗಾಗುತ್ತ ಹೋಯಿತು, ಕತೆಯಲ್ಲೂ ಬಂಡಿಯಲ್ಲೂ. ರೇಣುಕತ್ತೆ ಕುಕ್ಕರು ಮರೆತು ಕಂಬಿ ಹಿಡಿದು ಮುಂದಕ್ಕೆ ಬಾಗಿದ್ದಳು. "ಬೆಟ್ಟದ ತುದೀಲಿ ಗೋಡೆ ಇಲ್ಲ, ಮನೆ ಇಲ್ಲ, ಬರೀ ಒಂದು ಬಾಗಿಲು. ಮರಿಮೋಡ ಸಂದಿಯೊಳಗಿಂದ ಒಳಗೆ ನುಸುಳಿಬಿಡ್ತು. ಹುಡುಗಿ ಬಾಗಿಲು ತಟ್ಟಿದಳು. ಒಳಗಿಂದ ಒಂದು ದನಿ ಕೇಳ್ತು, 'ಯಾರು?'"

"ಹೂಂ" ಎಂದರು ಮೂವರೂ, ಬಂಡಿ ಧುಮುಕಿತು.

ಬೆನ್ನೊಡ್ಡಿ ಬೀಳುವುದು ಬೇರೆಯೇ ಝಲ್. ಏನೂ ಕಾಣುವುದಿಲ್ಲ. ಆಕಾಶ ಮಾತ್ರ ದೂರ ಓಡುತ್ತದೆ, ಎದುರಿಗೆ ಬಾಯಿ ತೆರೆದ ಮೂರು ಮುಖಗಳು. ಅಂಥ ಧುಮುಕನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ. ಹಳಿಯ ಹದ, ಬಿಸಿಲಿನ ಹದ, ಕತೆ ತುಂಡಾದ ಜಾಗ, ಎಲ್ಲ ಕೂಡಿ ಬಂದಿತ್ತು. ಗವಿಯಲ್ಲಿ ಎಡಚಕ್ರ ಟಿಕ್ಕೆನ್ನಲಿಲ್ಲ. ಖಾದರ್ ಮಾಮ ಸರಿಮಾಡಿದ್ದಾರೆ ಎಂದು ಖುಷಿಪಡುತ್ತ ಕೊನೆಯ ತಿರುವಿಗೆ ಬಂದೆ. ಆಗ ಗೊತ್ತಾಯಿತು. ಬಾಗಿಲ ಒಳಗೆ ಇದ್ದವರು ಯಾರು ಎಂದು ನನಗೆ ತಿಳಿಯದು. ಅಜ್ಜಿ ಈ ಕತೆ ಹೇಳಿದ ಪ್ರತಿ ರಾತ್ರಿಯೂ ನಾನು ನಿದ್ದೆಹೋಗುತ್ತಿದ್ದುದೇ ಆ ಬಾಗಿಲ ಹತ್ತಿರ.

ಒಂದು ವಾರವಿಡೀ ಶುರುವನ್ನು ಉರುಹೊಡೆದಿದ್ದೆ. ಕೊನೆ ಬಾಯಿಗೆ ತಾನಾಗಿ ಬರುತ್ತದೆ ಎಂದುಕೊಂಡಿದ್ದೆ. ಮಂದಾ ಎಂದು ಸುಮ್ಮನೆ ಕರೆಯುವುದಿಲ್ಲ ಜನ.

"ಆಮೇಲೆ?" ಎಂದಳು ಗಿರಿಜಕ್ಕ. ಕಟ್ಟೆ ಬಂತು. ಅಜ್ಜಿ ಎರಡು ಅಂಗೈ ಜೋಡಿಸಿ ಕೆನ್ನೆಗೆ ಒತ್ತಿ ತಲೆ ವಾಲಿಸಿ ತೋರಿಸಿದಳು. ಅಷ್ಟರಲ್ಲಿ ಕಟ್ಟೆ ಹೋಯಿತು. ನಿದ್ದೆ ಮಾಡ್ತಿದ್ದೆಯಲ್ಲ, ಈಗ ಅನುಭವಿಸು ಎಂದು ಬೈಯುತ್ತಿದ್ದಾಳೆ ಅಂದುಕೊಂಡೆ. ಬಂಡಿ ಯಾರ ಹೂಂಗೂ ಕಾಯದೆ ಕಟಕಟಕಟ ಹತ್ತತೊಡಗಿತು.

"ನಿಲ್ಲಲಿಲ್ಲವಲ್ಲೇ" ಎಂದಳು ರೇಣುಕತ್ತೆ.

"ಇನ್ನೊಂದು ಸುತ್ತು ಪುಕ್ಕಟೆ ಅತ್ತೆ" ಎಂದೆ. ನನ್ನ ದನಿ ನನಗೇ ನಂಬುವ ಹಾಗಿರಲಿಲ್ಲ. ನೆತ್ತಿ ದಾಟಿ ಬಿದ್ದು ಗವಿ ಹೊಕ್ಕು ಹೊರಬಂದ ಮೇಲೆ ಧೈರ್ಯಮಾಡಿ, "ಒಳಗಿದ್ದದ್ದು ಒಬ್ಬ ರಾಕ್ಷಸ" ಎಂದೆ.

"ಊಹೂಂ" ಎಂದ ದಾಸಣ್ಣ. ಬಂಡಿ ಎಡಕ್ಕೂ ಬಲಕ್ಕೂ ತೂರಾಡಿತು. "ರಾಕ್ಷಸ ಯಾರು ಅಂತ ಯಾಕೆ ಕೇಳ್ತಾನೆ? ಬಾಗಿಲು ತೆಗೀತಾನೆ, ಬಾಯಿ ತೆಗೀತಾನೆ, ಅಷ್ಟೇ."

ಗಿರಿಜಕ್ಕ ಗಂಡನನ್ನು ಹೊಸದಾಗಿ ನೋಡುವವಳಂತೆ ನೋಡಿದಳು. "ಕೇಳ್ತಿದಾರೆ ಕಣೇ ಮಂದಾ, ಇವತ್ತು ನಿಜವಾಗ್ಲೂ ಕೇಳ್ತಿದಾರೆ."

ಕಟ್ಟೆ ಬಂತು. ಅಜ್ಜಿ ಮತ್ತೆ ಕೆನ್ನೆಗೆ ಕೈ ಒತ್ತಿದಳು, ಆಮೇಲೆ ತನ್ನ ಎದೆಯನ್ನೇ ಬೊಟ್ಟಿಟ್ಟು ತೋರಿಸಿಕೊಂಡಳು. ಒಳಗಿದ್ದವರು ನಿದ್ದೆಯಲ್ಲಿದ್ದರು ಎಂದೇ? ನಿದ್ದೆಯಲ್ಲಿರುವವರು ಯಾರು ಎಂದು ಕೇಳುವುದು ಹೇಗೆ? ನಾನು ಅದನ್ನೇ ಗಟ್ಟಿಯಾಗಿ ಕೇಳಿದೆ.

"ನಿದ್ದೆಗಣ್ಣಲ್ಲಿ ಕೇಳಬಹುದು. ನಾನು ಕೇಳ್ತೀನಲ್ಲ" ಎಂದ ದಾಸಣ್ಣ.

"ನೀವು ಎಚ್ಚರ ಇದ್ದಾಗಲೂ ನಿದ್ದೆಗಣ್ಣೇ. ನಿಮ್ಮ ಲೆಕ್ಕ ಬಿಡಿ" ಎಂದಳು ಗಿರಿಜಕ್ಕ.

ಮೂರನೇ ಸುತ್ತಿನಲ್ಲಿ ರಾಜಕುಮಾರನನ್ನು ತಂದೆ. ಈ ಸಲ ಊಹೂಂ ಅಂದವಳು ಗಿರಿಜಕ್ಕ. "ಅವಳು ಬಂದಿರೋದು ಮೋಡ ಹುಡುಕ್ಕೊಂಡು. ಅವಳಿಗೆ ರಾಜಕುಮಾರನ್ನ ಕಟ್ಟಿ ಮತ್ತೆ ಅವನನ್ನೂ ಕಾಯಿ ಅಂತೀಯಾ?" ಬಂಡಿ ಎಷ್ಟು ಜೋರಾಗಿ ತೂರಾಡಿತೆಂದರೆ ನನ್ನ ತಲೆಯ ಕ್ಲಿಪ್ಪು ಹಾರಿಹೋಯಿತು. ಬೇರೆ ದಿನವಾಗಿದ್ದರೆ ಆ ತೂರಾಟವನ್ನು ಎಷ್ಟು ಸವಿಯುತ್ತಿದ್ದೆನೋ. ಸುತ್ತು ಮುಗಿಯಬಾರದು ಎಂದು ಹರಕೆ ಹೊತ್ತವಳು ನಾನು. ಈಗ ಮುಗಿಯುತ್ತಲೇ ಇಲ್ಲ. ಕೇಳುವಾಗ ಸ್ವಲ್ಪ ಬಿಡಿಸಿ ಕೇಳಬೇಕಿತ್ತು.

ಗೋಡೆಯಾಚೆಯಿಂದ ಕುಕ್ಕರು ಕೂಗಿತು.

"ಅಯ್ಯೋ ನನ್ನ ಹುರುಳಿ" ಎಂದಳು ರೇಣುಕತ್ತೆ. ಕಟ್ಟೆ ದಾಟುವಾಗ, "ಗೂಳಪ್ಪನೋರೇ, ಬಾಗಿಲು ತೆಗೆದೇ ಇದೆ, ಒಲೆ ಆರಿಸಿ" ಎಂದು ಕೂಗಿದಳು. ನೆತ್ತಿಯ ಮೇಲಿಂದ ನೋಡಿದರೆ ಗೂಳಪ್ಪನವರು ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದರು. ಕುಕ್ಕರು ಇನ್ನೊಮ್ಮೆ ಕೂಗಿತು. ಅವರು ನಿಂತು ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ಓಡಿದರು. ಮುಂದಿನ ಸುತ್ತಿಗೆ ಖಾದರ್ ಮಾಮ ಬುತ್ತಿಗಳದ ಜೇಡನ ಬಲೆ ಒರೆಸಿ, ತುದಿಗೆ ತಮ್ಮ ಊಟದ ಡಬ್ಬಿ ಕಟ್ಟಿ ಹಿಡಿದು ನಿಂತಿದ್ದರು. ದಾಸಣ್ಣ ಕ್ಯಾಚು ಹಿಡಿದ. "ಚಪಾತಿ, ಈರುಳ್ಳಿ ಪಲ್ಯ" ಎಂದು ಘೋಷಿಸಿದ.

ಅದೇ ಗಳಿಗೆಯಲ್ಲಿ ಅಜ್ಜಿಯನ್ನು ನೋಡಿದೆ. ಕೆನ್ನೆಗೆ ಕೈ, ಎದೆಗೆ ಬೊಟ್ಟು, ಆಮೇಲೆ ಎರಡೂ ಕೈ ಅಗಲಕ್ಕೆ ಬಿಚ್ಚಿ ಬರಿದು ಮಾಡಿ ತೋರಿಸಿದಳು. ನನಗೆ ತಟ್ಟನೆ ಹೊಳೆಯಿತು. ನೀನು ಮಲಗುತ್ತಿದ್ದೆ, ನಾನೂ ಮಲಗುತ್ತಿದ್ದೆ, ನನಗೂ ಗೊತ್ತಿಲ್ಲ. ಅಷ್ಟೇ ಅವಳು ಹೇಳುತ್ತಿದ್ದುದು. ಆ ಕತೆಗೆ ಕೊನೆಯೇ ಇರಲಿಲ್ಲ. ಹೂಂ ನಿಂತ ಮೇಲೆ ಯಾರಿಗೆಂದು ಹೇಳುತ್ತಾಳೆ?

ಮರೆತದ್ದಾದರೆ ನೆನಪಿಸಿಕೊಳ್ಳಬಹುದು, ಇಲ್ಲದ್ದನ್ನು ಎಲ್ಲಿಂದ ತರಲಿ? ಬಂಡಿ ಹತ್ತುತ್ತಿತ್ತು. ಮಾಡಲು ಬೇರೆ ಏನೂ ಇಲ್ಲದೆ ಎದುರಿನವರ ಮುಖ ನೋಡುತ್ತ ಕೂತೆ. ಇಷ್ಟು ವರ್ಷ ಬಂಡಿ ಹತ್ತಿದ್ದೇನೆ, ಹಳಿ ನೋಡಿದ್ದೇನೆ, ಚಕ್ರ ಕೇಳಿದ್ದೇನೆ, ಆದರೆ ಬಂಡಿಯಲ್ಲಿ ಕೂತವರ ಮುಖವನ್ನು ನೋಡಿದವಳಲ್ಲ. ದಾಸಣ್ಣ ಚಪಾತಿ ಕೈಯಲ್ಲೇ ಹಿಡಿದು ತಿನ್ನಲು ಮರೆತಿದ್ದ. ಗಿರಿಜಕ್ಕನ ಕೈ ಅವನ ತೋಳಿನ ಮೇಲಿತ್ತು, ಅದು ಅಲ್ಲಿದೆಯೆಂದು ಇಬ್ಬರಿಗೂ ಗೊತ್ತಿರಲಿಲ್ಲ. ರೇಣುಕತ್ತೆ ಬೀದಿಗೆಲ್ಲ ಅತ್ತೆಯಾಗಿ ಎಷ್ಟು ಕಾಲವಾಯಿತೋ, ಈಗ ನೋಡಿದರೆ ಹಾಸಿಗೆಯಲ್ಲಿ ಕೂತು ಆಮೇಲೆ ಆಮೇಲೆ ಅನ್ನುವ ಪುಟ್ಟ ಹುಡುಗಿ. ಮೂವರೂ ಆ ಬಾಗಿಲ ಮುಂದೆಯೇ ನಿಂತಿದ್ದರು. ಯಾರಿಗೂ ಇಳಿಯುವ ಆತುರವಿರಲಿಲ್ಲ. ಅಜ್ಜಿ ದಿನವೂ ನೋಡುತ್ತಿದ್ದುದು ಇದನ್ನು.

ಬಿದ್ದೆವು. ಉಬ್ಬು, ಸುರುಳಿ, ಗವಿ. ಗವಿಯಿಂದ ಹೊರಬಂದಾಗ ಕತ್ತು ತಿರುಗಿಸಿ ದೂರದ ಕಟ್ಟೆಯ ಕಡೆ ನೋಡಿದೆ. ಅಜ್ಜಿ ಸನ್ನೆ ಮಾಡುವುದನ್ನು ಬಿಟ್ಟಿದ್ದಳು. ಖಾದರ್ ಮಾಮನ ಸ್ಟೂಲು ಎಳೆದುಕೊಂಡು ಕೂತು, ಅಂಗೈಯಲ್ಲಿ ಗಲ್ಲ ಇಟ್ಟುಕೊಂಡು, ಒಂದು ಕಿವಿಯನ್ನು ನಮ್ಮ ಕಡೆಗೆ ತಿರುಗಿಸಿದ್ದಳು. ಚಿಕ್ಕವಳಾಗಿದ್ದಾಗ ಅವಳ ಕತೆ ಕೇಳಲು ನಾನು ಕೂರುತ್ತಿದ್ದ ಹಾಗೆಯೇ.

"ಒಳಗಿದ್ದದ್ದು ಒಬ್ಬಳು ಮುದುಕಿ" ಎಂದೆ.

ಯಾರೂ ಊಹೂಂ ಅನ್ನಲಿಲ್ಲ. "ಹೂಂ" ಎಂದಳು ರೇಣುಕತ್ತೆ, ಮೆಲ್ಲಗೆ.

"ಹುಡುಗಿ, 'ನಾನು, ಮೋಡ ಕಾಯೋಳು. ನನ್ನ ಮರಿ ಒಳಗೆ ಬಂದಿದೆ' ಅಂದಳು. ಮುದುಕಿ ಬಾಗಿಲು ತೆಗೆದಳು. 'ಬಂದಿದೆ, ದಿನಾ ಬರತ್ತೆ. ನಾನೇ ಕರೀತೀನಿ' ಅಂದಳು."

"ಕಳ್ಳಿ" ಎಂದ ದಾಸಣ್ಣ.

"ಯಾಕೆ ಕರೀತಿದ್ದಳಂತೆ?" ಎಂದಳು ಗಿರಿಜಕ್ಕ.

"ಹುಡುಗೀನೂ ಅದನ್ನೇ ಕೇಳಿದಳು. ಅದಕ್ಕೆ ಮುದುಕಿ, 'ಲೋಕದಲ್ಲಿರೋ ಕತೆಗಳನ್ನೆಲ್ಲ ಹೇಳೋಳು ನಾನು ಕಣಮ್ಮ. ಹೇಳೀ ಹೇಳೀ ಜನರೆಲ್ಲ ನಿದ್ದೆ ಹೋದರು. ನನಗೆ ಮಾತ್ರ ಯಾರೂ ಒಂದು ಕತೆ ಹೇಳಲಿಲ್ಲ. ಮರಿ ಬಂದರೆ ಅದರ ಹಿಂದೆ ಒಂದಲ್ಲ ಒಂದು ದಿನ ಕಾಯೋಳು ಬಂದೇ ಬರ್ತಾಳೆ ಅಂತ ಕರೆದೆ' ಅಂದಳು."

ಕಟ್ಟೆ ಹತ್ತಿರವಾಗುತ್ತಿತ್ತು. ಬಂಡಿಯ ಓಟ ತಗ್ಗಿದ್ದು ಬೆನ್ನಿಗೆ ತಿಳಿಯಿತು.

"ಹುಡುಗಿ ಮುದುಕೀನ ಮಲಗಿಸಿದಳು. ಮರಿಮೋಡಾನ ಮಡಚಿ ತಲೆದಿಂಬು ಮಾಡಿಟ್ಟಳು. ಪಕ್ಕದಲ್ಲಿ ಕೂತು, 'ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ದಳಂತೆ' ಅಂತ ಶುರುಮಾಡಿದಳು. ಅದಕ್ಕೆ ಮುದುಕಿ ಏನಂದಳು ಗೊತ್ತಾ?"

"ಹೂಂ" ಎಂದರು ಗಿರಿಜಕ್ಕ, ರೇಣುಕತ್ತೆ, ದಾಸಣ್ಣ. ದಾಸಣ್ಣನ ಹೂಂ ಆವತ್ತು ಹೊಸ ಚಪ್ಪಲಿಯಂತೆ ಕಿರ್‍ರೆಂದಿತು. ಅವರ ಹಿಂದೆಯೇ, ಕಟ್ಟೆಯ ಕಡೆಯಿಂದ, ಒಣಗಿದ ತರಗೆಲೆ ಉಜ್ಜಿದ ಹಾಗೆ ನಾಲ್ಕನೆಯ ಹೂಂ ಒಂದು ಬಂತು.

"ಅವರಲ್ಲಿ, ನಾವಿಲ್ಲಿ" ಎಂದೆ. ಬಂಡಿ ನಿಂತಿತು. ತಿರುಗಿ ನೋಡಿದರೆ ಅಜ್ಜಿಯ ಸ್ಟೂಲಿಗೂ ನನ್ನ ಸೀಟಿಗೂ ನಡುವೆ ಗೇಣು ಜಾಗ.

ಖಾದರ್ ಮಾಮ ಓಡಿ ಬಂದು ಕಂಬಿ ಬಿಚ್ಚಿದರು. "ಮಾತಾಡಬಾರದು ಅಂದಿಲ್ವಾ ಡಾಕ್ಟರು?" ಎಂದು ಅಜ್ಜಿಗೆ ಗದರಿದರು. ಅಜ್ಜಿ ಬೆರಳಾಡಿಸಿ ಏನೋ ವಾದಿಸಿದಳು. ಮಾತು ಬೇಡ ಅಂದಿದ್ದಾರೆ, ಹೂಂ ಬೇಡ ಅಂದಿಲ್ಲ ಎಂಬುದು ಅದರ ತಾತ್ಪರ್ಯ. ಅಷ್ಟರಲ್ಲಿ ಗೂಳಪ್ಪನವರು ಏದುಸಿರು ಬಿಡುತ್ತ ಬಂದರು. ಒಲೆ ಆರಿಸಿದ್ದರಂತೆ, ಕೋಲಿನಿಂದ, ಬಾಗಿಲ ಹೊರಗೆ ನಿಂತು. "ಹುರುಳಿ ಪಾಯಸ ಆಗಿದೆ ರೇಣುಕಮ್ಮ. ಬಂಡಿ ನಿಂತಿತಾ?" ಎಂದರು. ನಿಂತಿರುವ ಬಂಡಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಬಂಡಿಗೆಂದು ಮೊದಲೇ ತಂದಿದ್ದ ಬೀಗವನ್ನು ಜೇಬಿನಿಂದ ತೆಗೆದು, ಏನು ಮಾಡುವುದೆಂದು ತಿಳಿಯದೆ, ಖಾದರ್ ಮಾಮನ ಊಟದ ಡಬ್ಬಿಗೆ ಹಾಕಿ ಕೊಟ್ಟರು.

"ಹುರುಳಿ ಹಾಳಾಗಿ ಹೋಗಲಿ" ಎಂದಳು ರೇಣುಕತ್ತೆ ಇಳಿಯದೆಯೇ. "ಆ ಹುಡುಗಿ ಮುದುಕಿಗೆ ಹೇಳಿದ ಕತೆ ಏನು? ಅದನ್ನ ಹೇಳು, ಇನ್ನೊಂದು ಸುತ್ತು ಹೋಗಾಣ."

ನಾನು ಅಜ್ಜಿಯ ಕೈ ಹಿಡಿದೆಳೆದೆ. ಕತೆಗಾರ್ತಿಯ ಸೀಟಿಗೆ ಹೋಗಲು ಹೊರಟವಳನ್ನು ತಡೆದು, ಬಂಡಿಯ ಉದ್ದಕ್ಕೂ ನಡೆಸಿಕೊಂಡು ಹೋಗಿ, ಕಟ್ಟಕಡೆಯ ಸೀಟಿನಲ್ಲಿ, ಮುಖ ಮುಂದಕ್ಕೆ ಮಾಡಿ ಕೂರಿಸಿದೆ. ಹಳಿ ಇನ್ನೂ ಬೆಚ್ಚಗಿತ್ತು. ಅವಳಿಗೆ ಊರಿನಲ್ಲೇ ಒಳ್ಳೆಯ ಝಲ್ ಸಿಗಬೇಕೆಂದು ನನ್ನಾಸೆ. ನಾನು ಮುಂದೆ ಹೋಗಿ ಬೆನ್ನು ತಿರುಗಿಸಿ ಕೂತು, ಉಳಿದಿದ್ದ ಕಲ್ಲುಸಕ್ಕರೆಯನ್ನು ಕೆನ್ನೆಗೆ ತಳ್ಳಿ, "ಒಂದೂರಲ್ಲಿ ಒಬ್ಬಳು ಅಜ್ಜಿ ಇದ್ದಳು. ಅವಳು ದಿನಾ ಬೆಟ್ಟದಿಂದ ಬೀಳ್ತಿದ್ದಳು, ಆದರೆ ಬೆಟ್ಟ ಹೇಗಿದೆ ಅಂತ ಒಂದು ದಿನಾನೂ ನೋಡಿರಲಿಲ್ಲ" ಎಂದು ಶುರುಮಾಡಿದೆ. ಎಲ್ಲರಿಗಿಂತ ಮೊದಲು ಹೂಂ ಅಂದವಳು ಅವಳೇ.

ನೆತ್ತಿ ಬಂತು. ಮುಂದಿನ ಡಬ್ಬಿಗಳು ಬಾಗಿದವು. ಕೊನೆಯ ಡಬ್ಬಿ ಇನ್ನೂ ಮೇಲಿದ್ದಾಗ, ಸೆರಗು ಗಾಳಿಗೆ ಹಾರುತ್ತಿದ್ದ ಅಜ್ಜಿಯ ಮುಖವನ್ನು ನಾನು ನೋಡಿದೆ. ಹಳಿ ಎಲ್ಲಿಗೆ ಹೋಗುತ್ತದೆ ಎಂದು ಅವಳು ಮೊದಲ ಸಲ ಕಂಡ ಗಳಿಗೆ ಅದು. ಕಣ್ಣು ದುಂಡಗಾಯಿತು. ಡಾಕ್ಟರು, ಗಂಟಲು, ಮಳೆಗಾಲ ಎಲ್ಲ ಮರೆತು, ತರಗೆಲೆಯ ದನಿಯಲ್ಲಿ, ಇಡೀ ಬಂಡಿಗೆ ಕೇಳುವ ಹಾಗೆ ಅಜ್ಜಿ ಅಂದಳು:

"ಇದು ಇಷ್ಟೊಂದು ಎತ್ತರ ಇದೆ ಅಂತ ನನಗ್ಯಾರೂ ಹೇಳಲೇ ಇಲ್ಲವಲ್ಲೇ ಮಂದಾ."